ಬೀಟೆ ಮರದ ರಾಣಿ ವಿಲಾಯಿತಿಗೆ ಹೋಗಿ ಬಂದದ್ದು

ಕರಿಕೆ

ಮೊದಲು ಸಂತೋಷದ ಸಮಾಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನಗೆ ಮೊಮ್ಮಗ ಹುಟ್ಟಿದ್ದಾನೆ! ಅದೂ ವಿಲಾಯಿತಿಯಲ್ಲಿ! ಕೈಕಾಲು ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ. ಕರಿಕೆಯಿಂದ ಭಾಗಮಂಡಲದವರೆಗೆ ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಿ ಆಗಿದೆ. ಈಗ ಓದುವ ನಿಮಗೂ ಹೇಳಿದೆ. ಉಳಿದ ಕತೆಯಲ್ಲಿ ಇಷ್ಟು ಸಂತೋಷ ಇಲ್ಲ, ಅದಕ್ಕೇ ಇದನ್ನು ಮುಂದೆ ಇಟ್ಟೆ.

ನಾನು ಶಾಲೆಗೆ ಹೋದದ್ದು ಕಡಿಮೆ. ಬರೆಯಲು ಕೂತರೆ ಒತ್ತಕ್ಷರಗಳು ಹೇಳಿದ ಜಾಗದಲ್ಲಿ ಕೂರುವುದಿಲ್ಲ. ಆದರೆ ಬಂದವರೆಲ್ಲ "ಗೌಡರೇ, ಅಲ್ಲಿ ಎಂಥ ನೋಡಿದಿರಿ?" ಅಂತ ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ಮೊಮ್ಮಗನ ಸುದ್ದಿಯಲ್ಲೇ ಕಾಫಿ ತಣಿಯುತ್ತದೆ, ಅವರು ಎದ್ದು ಹೋಗುತ್ತಾರೆ. ಹೇಳಬೇಕಾದ್ದು ನನ್ನಲ್ಲೇ ಉಳಿಯುತ್ತದೆ.

ನಾವು ಹೊರಟದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ಮಡಿಕೇರಿಯ ಒಂದು ಆಫೀಸಿನ ಬೋರ್ಡಿನಲ್ಲಿ ಹಳೆಯ ಹೆಸರಿನ ಮೇಲೆ ಬಣ್ಣ ಬಳಿದು ಹೊಸ ಹೆಸರು ಬರೆದಿದ್ದರು. ಒಂದು ಮಳೆಗಾಲ ಕಳೆಯುವಾಗ ಹಳೆಯ ಅಕ್ಷರ ಅಡಿಯಿಂದ ಇಣುಕುತ್ತಿತ್ತು. ನಾನು ನಕ್ಕಿದ್ದೆ.

ಹೆಣ್ಣು ಹೆರಿಗೆಗೆ ತವರಿಗೆ ಬರುವುದು ಲೋಕರೂಢಿ. ನಮ್ಮ ಮನೆಯಲ್ಲಿ ತವರೇ ಹಡಗು ಹತ್ತಿ ಹೆರಿಗೆಗೆ ಹೋಯಿತು. ಮಗಳು ಸೀತೆಯ ಗಂಡ ಅಲ್ಲಿ ಡಾಕ್ಟರು. ಎರಡನೇ ಹೆರಿಗೆ ಹತ್ತಿರ ಬಂತು, ಬಾಣಂತನಕ್ಕೆ ಅವ್ವ ಬೇಕು ಅಂತ ಕಾಗದ ಬಂತು. ನನ್ನ ಹೆಂಡತಿ ಚಿನ್ನಮ್ಮ ಒಬ್ಬಳೇ ಪುತ್ತೂರು ಸಂತೆಗೂ ಹೋದವಳಲ್ಲ. ಹಾಗಾಗಿ ನಾನೂ ಗಂಟು ಕಟ್ಟಿದೆ. ಅಲ್ಲಿ ನಳಿನಿ ಇದ್ದಳಲ್ಲ! ಮೊದಲನೇ ಮೊಮ್ಮಗಳು. ತೊದಲು ಮಾತಾಡುವಾಗ ಹೋದವಳು, ಈಗ ಶಾಲೆಗೆ ಹೋಗುತ್ತಾಳಂತೆ.

ನಳಿನಿ ಹುಟ್ಟಿದ್ದು ನಮ್ಮ ಮನೆಯಲ್ಲೇ. ಅವಳದ್ದು ನನ್ನ ಬಣ್ಣ. ಕಪ್ಪು ಅಂದರೆ ಕಪ್ಪೇ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು. ತೊಟ್ಟಿಲಲ್ಲಿ ನೋಡಿದವನೇ "ಬಾ ನನ್ನ ಕರಿಮಣಿ" ಅಂದೆ. ಅದೇ ಹೆಸರು ನಿಂತಿತು. ಮುತ್ತೈದೆಯ ಕೊರಳಲ್ಲಿ ಚಿನ್ನದ ಗುಂಡಿನ ನಡುವೆ ಕೂರುವ ಮಣಿ ಅದು. ಕಷ್ಟ ಬಂದರೆ ಚಿನ್ನ ತೆಗೆದಾರು, ಕರಿಮಣಿ ಯಾರೂ ತೆಗೆಯುವುದಿಲ್ಲ. ಅಲ್ಲದೆ ಊರಿನ ಹೆಸರಲ್ಲೇ ಕರಿ ಇರುವವರು ನಾವು, ನಮಗೆಂಥ ನಾಚಿಕೆ?

ಇನ್ನೊಂದು ಹೇಳಬೇಕು. ನನಗೆ ಗೊಂಬೆ ಕೂಡಿಡುವ ಹುಚ್ಚು. ಗಂಡಸಿಗೆ ಗೊಂಬೆಯ ಹುಚ್ಚು ಅಂದರೆ ಊರು ಬಿಡುತ್ತದಾ? ಎದುರಿಗೆ "ಏನು ಗೌಡರೇ" ಅನ್ನುವವರು ಬೆನ್ನ ಹಿಂದೆ "ಗೊಂಬೆ ಗೌಡ" ಅನ್ನುತ್ತಾರೆ. ಹಿಂದೆ ನಾನು ಏಲಕ್ಕಿ ಕೆಲಸಕ್ಕೆ ಹೋಗುತ್ತಿದ್ದ ಎಸ್ಟೇಟಿನ ದೊರಸಾನಿ ತನ್ನ ದೇಶಕ್ಕೆ ಹೊರಡುವಾಗ ಕೈ ಮುರಿದ ಪಿಂಗಾಣಿ ಗೊಂಬೆಯೊಂದನ್ನು ಕಸದ ಗುಂಡಿಗೆ ಎಸೆದಳು. ಅದನ್ನು ತೊಳೆದು ತಂದೆ. ಶುರುವಾದದ್ದು ಅಲ್ಲಿ. ಆಮೇಲೆ ಚನ್ನಪಟ್ಟಣದ ಅರಗಿನ ಗೊಂಬೆ, ಮಣ್ಣಿನ ಗೊಂಬೆ, ತೆಂಗಿನ ನಾರಿನ ಮಂಗ ಎಲ್ಲ ಬಂದವು. ದೇವರ ಕಾಡಿನಲ್ಲಿ ಅಯ್ಯಪ್ಪನಿಗೆ ಹರಕೆ ಇಟ್ಟ ಮಣ್ಣಿನ ನಾಯಿಗಳನ್ನು ಮಾತ್ರ ಮುಟ್ಟಿಲ್ಲ. ಹುಚ್ಚಿಗೂ ಒಂದು ಮಿತಿ ಉಂಟು.

ಎಲ್ಲದಕ್ಕಿಂತ ಮೇಲಿನದು ಬೀಟೆ ಮರದ ರಾಜ ಮತ್ತು ರಾಣಿ. ಮೈಸೂರಿನ ಆಚಾರಿಯೊಬ್ಬ ಕೆತ್ತಿದ್ದು. ಯಾಕಪ್ಪಾ ಬಣ್ಣ ಹಚ್ಚಲಿಲ್ಲ ಅಂತ ಕೇಳಿದ್ದೆ. "ಬೀಟೆ ಮೈಯಲ್ಲೇ ಎಣ್ಣೆ ಇದೆ ಸ್ವಾಮಿ. ಹಚ್ಚಿದರೂ ನಿಲ್ಲೋದಿಲ್ಲ" ಅಂದಿದ್ದ. ರಾಣಿಯ ಮುಖ ನೋಡಬೇಕು ನೀವು. ಕಪ್ಪು ಕೆನ್ನೆ, ಅರ್ಧ ಮುಚ್ಚಿದ ಕಣ್ಣು, ಯಾರ ಮಾತಿಗೂ ಅಲುಗಾಡದ ತುಟಿ. ಆ ರಾಣಿಯನ್ನು ನಳಿನಿಗೆ ಕೊಡುವುದು ಅಂತ ಪಂಚೆಯಲ್ಲಿ ಸುತ್ತಿದೆ.

"ನಿಮ್ಗೆ ಬುದ್ಧಿ ಉಟ್ಟಾ?" ಅಂದಳು ಚಿನ್ನಮ್ಮ, ನಮ್ಮ ಅರೆಭಾಷೆಯಲ್ಲಿ. "ಗಂಡ ಹೆಂಡಿರನ್ನು ಬೇರೆ ಮಾಡ್ತಾರಾ? ಒಯ್ಯುವುದಾದರೆ ಇಬ್ಬರನ್ನೂ ಒಯ್ಯಿರಿ."

"ಗಂಟಿನಲ್ಲಿ ಜಾಗ ಎಲ್ಲುಂಟು? ನಿನ್ನ ಶುಂಠಿ, ಕಾಳುಮೆಣಸು, ಹರಳೆಣ್ಣೆಯೇ ಅರ್ಧ ಹಡಗು ತುಂಬುತ್ತದೆ" ಅಂದೆ. ರಾಜ ಗೊಂಬೆಗಳ ಗೋಡೆಗೂಡಿನಲ್ಲಿ ಒಬ್ಬನೇ ಉಳಿದ.

ಹಡಗು

ಬೊಂಬಾಯಿ ಬಿಟ್ಟ ಮೇಲೆ ಚಿನ್ನಮ್ಮ ಹಾಸಿಗೆ ಹಿಡಿದಳು. ತಲಕಾವೇರಿಯಿಂದ ಹಿಡಿದು ಹೆಸರು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಳು. ಏಡನ್ ದಾಟಿ ಸಮುದ್ರ ಸುಮ್ಮನಾದ ಮೇಲೆ ಕೈಹಿಡಿದು ಮೇಲಿನ ಅಟ್ಟಕ್ಕೆ ಕರೆತಂದೆ. ಅಲ್ಲಿ ಕಂಡದ್ದನ್ನು ಏನೆಂದು ಹೇಳಲಿ! ದೊರೆಗಳೂ ದೊರಸಾನಿಯರೂ ಅರೆಬರೆ ಬಟ್ಟೆಯಲ್ಲಿ ಬಿಸಿಲಿಗೆ ಸಾಲಾಗಿ ಮಲಗಿದ್ದರು. ಮೈಗೆ ಎಣ್ಣೆ. ಸ್ವಲ್ಪ ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು, ಕಣದಲ್ಲಿ ಕಾಫಿ ಬೀಜ ಹರವಿ ಮಗುಚಿ ಹಾಕುತ್ತೇವಲ್ಲ, ಹಾಗೆ.

"ಇವರಿಗೆಂಥ ಆಗಿದೆ?" ಅಂತ ಚಿನ್ನಮ್ಮ.

ಹಡಗಿನಲ್ಲಿ ಮಂಗಳೂರಿನ ಅಡುಗೆಯವನೊಬ್ಬನಿದ್ದ. "ಅಮ್ಮ, ಅವರಿಗೆ ಮೈ ಕಪ್ಪಾಗಬೇಕಂತೆ. ಅದೇ ಫ್ಯಾಶನ್" ಅಂದ.

ನಾವು ಬಿದ್ದು ಬಿದ್ದು ನಕ್ಕೆವು. ನನ್ನನ್ನು ನೋಡಿ ಚಿನ್ನಮ್ಮ "ಹಾಗಾದರೆ ಈ ಹಡಗಿಗೆ ನೀವೇ ಮಹಾರಾಜರು" ಅಂದಳು. ಅವತ್ತು ಆ ಮಾತು ಎಷ್ಟು ಹಗುರ ಇತ್ತು.

ಬಂದರು

ಸುಂಕದ ಆಫೀಸರು ನಮ್ಮ ಗಂಟು ಬಿಚ್ಚಿಸಿದ. ಹರಳೆಣ್ಣೆ ಮೂಸಿದ, ಶುಂಠಿ ಮೂಸಿದ, ಸೀನಿದ. ಬಾಣಂತಿಗೂ ಮಗುವಿಗೂ ಅಂತ ಚಿನ್ನಮ್ಮ ಹರಳೆಣ್ಣೆ ದೀಪದಲ್ಲಿ ಹಿಡಿದು ತುಪ್ಪದಲ್ಲಿ ಕಲಸಿ ತಂದ ಕಾಡಿಗೆ ಭರಣಿ ಇತ್ತು. ಅದರೊಳಗೆ ಬೆರಳು ಹಾಕಿದ. ಏನಿದು ಅಂತ ಬೆರಳು ನೋಡಿದ. ಆಮೇಲೆ ಮೂಗು ತುರಿಸಿದ.

ಕೆಂಪು ಮೂಗಿನ ಮೇಲೆ ಇಷ್ಟು ದೊಡ್ಡ ಕಪ್ಪು ಬೊಟ್ಟು! ಗತ್ತಿನಿಂದ ಮುಂದಿನ ಗಂಟಿಗೆ ಹೋದ. ಸಾಲಿನಲ್ಲಿ ನಿಂತವರೆಲ್ಲ ನೋಡಿದರು, ಒಬ್ಬರೂ ಹೇಳಲಿಲ್ಲ, ನಗಲೂ ಇಲ್ಲ. ಆ ಜನರ ರೀತಿಯೇ ಹಾಗೆ. ಕಂಡದ್ದನ್ನು ಕಾಣದ ಹಾಗೆ ನಿಲ್ಲುತ್ತಾರೆ. ಕಾಲು ತುಳಿದರೆ, ತುಳಿಸಿಕೊಂಡವರೇ ಕ್ಷಮಿಸಿ ಅನ್ನುತ್ತಾರೆ.

"ಪಾಪ, ಅವನಿಗೆ ಇವತ್ತು ಯಾರ ದೃಷ್ಟಿಯೂ ತಾಗುವುದಿಲ್ಲ" ಅಂದಳು ಚಿನ್ನಮ್ಮ.

ಅಳಿಯಂದಿರ ಊರು

ಬೆಳ್ಳಗಿನವರ ಊರು ಬೆಳ್ಳಗಿರುತ್ತದೆ ಅಂತ ನಾನು ನೆನೆಸಿದ್ದೆ. ಅಲ್ಲಿ ಮನೆಗಳೆಲ್ಲ ಕಪ್ಪು. ಇಟ್ಟಿಗೆಗೆ ಕಲ್ಲಿದ್ದಲ ಹೊಗೆ ಹತ್ತಿ ಕಪ್ಪು. ಕೋಟು ಕಪ್ಪು, ಟೊಪ್ಪಿ ಕಪ್ಪು, ಕೊಡೆ ಕಪ್ಪು. ಮಧ್ಯಾಹ್ನವೇ ಕತ್ತಲು. ನಮ್ಮ ಕರಿಕೆಯ ಮಂಜು ಮರದಿಂದ ಮರಕ್ಕೆ ನಡೆದು ಹೋಗುತ್ತದೆ. ಅಲ್ಲಿಯದ್ದು ಹೋಗುವುದೇ ಇಲ್ಲ, ಕೆಮ್ಮಿನ ಹಾಗೆ ಎದೆಯಲ್ಲಿ ಕೂರುತ್ತದೆ. ಅಷ್ಟು ಕಪ್ಪಿನ ನಡುವೆ ಮನುಷ್ಯರ ಮುಖ ಮಾತ್ರ ಬಿಳಿ.

ಬಾಗಿಲಲ್ಲಿ ನಳಿನಿ ನಿಂತಿದ್ದಳು. ಎರಡು ಜಡೆ, ಮೊಣಕಾಲಿನ ತನಕ ಕಾಲುಚೀಲ. "ನನ್ನ ಕರಿಮಣೀ!" ಅಂತ ನಾನು ಬೀದಿಯಲ್ಲೇ ಕೂಗಿ ಎತ್ತಿಕೊಂಡೆ. ಎದುರುಮನೆಯ ಮುದಿ ದೊರಸಾನಿ ಕಿಟಕಿ ತೆಗೆದು ಕೈಬೀಸಿ "ಕ್ಯಾರಿಮಾನಿ! ಕ್ಯಾರಿಮಾನಿ!" ಅಂದಳು. ಸೊಂಟ ಬಗ್ಗಿಸಿ ನಮಸ್ಕಾರದ ಹಾಗೆ ಏನೋ ಮಾಡಿದಳು. ನನಗೆ ಸ್ವರ್ಗ ಸಿಕ್ಕಿತು! ನಾನು ಕರಿಕೆಯಲ್ಲಿ ಇಟ್ಟ ಹೆಸರು ವಿಲಾಯಿತಿಯ ದೊರಸಾನಿಯ ಬಾಯಲ್ಲಿ!

ಶಾಲೆಯಲ್ಲಿ ಅವಳ ಹೆಸರು ನೆಲ್ಲಿ ಆಗಿತ್ತು. "ಇದೆಂಥ, ನೆಲ್ಲಿಕಾಯಿಯಾ?" ಅಂತ ಚಿನ್ನಮ್ಮ ಮೂಗು ಮುರಿದಳು. ಆದರೆ ಬೀದಿಯ ಮಕ್ಕಳು ಕ್ಯಾರಿಮಾನಿ ಅಂತಲೇ ಕರೆಯುತ್ತಿದ್ದರು. ಆ ದೊರಸಾನಿ ಬರುವಾಗಲೆಲ್ಲ ಬಿಸ್ಕತ್ತು ತರುತ್ತಿದ್ದುದರಿಂದ ನಾವು ಅವಳಿಗೆ ಬಿಸ್ಕತ್ತಮ್ಮ ಅಂತ ಹೆಸರಿಟ್ಟೆವು. ಅವಳ ಮೊಮ್ಮಗಳು ಸೂಸಿ, ನಳಿನಿಯ ಕ್ಲಾಸಿನವಳು.

ಸಂಜೆ ಪಂಚೆ ಬಿಚ್ಚಿ ರಾಣಿಯನ್ನು ಕೊಟ್ಟೆ. ನಳಿನಿ ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಅಜ್ಜ, ಇವಳು ಕೆಟ್ಟವಳಾ?"

"ಎಂಥದ್ದು ಮಗಾ? ಇವಳು ರಾಣಿ. ಕಿರೀಟ ನೋಡು."

"ಕೆಟ್ಟ ರಾಣಿಗೂ ಕಿರೀಟ ಇರ್ತದೆ. ಇವಳು ಕಪ್ಪಲ್ವಾ."

ಯಾರ ಮೇಲೂ ಸಿಟ್ಟಿಲ್ಲದ ದನಿ. ಉಪ್ಪು ಬೆಳ್ಳಗಲ್ವಾ ಅಂತ ಹೇಳಿದ ಹಾಗೆ. ಅವಳ ಮನಸ್ಸು ನೋಯದಿರಲಿ ಅಂತ ನಾನು ನಕ್ಕುಬಿಟ್ಟೆ. ರಾಣಿಯನ್ನು ಕಿಟಕಿಯ ಪರದೆಯ ಹಿಂದೆ ಇಟ್ಟಳು.

ಸಿನಿಮಾ

ಸೀತೆಗೆ ದಿನ ತುಂಬುತ್ತಿತ್ತು, ಓಡಾಡಲು ಆಗುತ್ತಿರಲಿಲ್ಲ. "ಅಪ್ಪ, ನಳಿನಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿ. ದಾರಿ ಅವಳಿಗೇ ಗೊತ್ತುಂಟು" ಅಂದಳು. ಅಜ್ಜ ಮೊಮ್ಮಗಳನ್ನು ಕರೆದೊಯ್ಯಲಿಲ್ಲ, ಅವಳು ನನ್ನ ಬೆರಳು ಹಿಡಿದು ಬಸ್ಸು ಹತ್ತಿಸಿದಳು.

ಅದು ಮನುಷ್ಯರು ನಟಿಸಿದ ಸಿನಿಮಾ ಅಲ್ಲ. ಚಿತ್ರ ಬರೆದು ಓಡಿಸುವುದು. ನನ್ನಂಥ ಗೊಂಬೆ ಹುಚ್ಚನಿಗೆ ಕೇಳಬೇಕಾ! ಗೊಂಬೆಗಳಿಗೆ ಉಸಿರು ಬಂದು, ಕಣ್ಣು ಮಿಟುಕಿಸಿ, ಹಾಡಿ, ಕುಣಿದು, ಅಯ್ಯೋ, ನಾನು ಬಾಯಿ ಮುಚ್ಚಲಿಲ್ಲ. ಒಬ್ಬಳು ರಾಜಕುಮಾರಿ, ಹಾಲಿನ ಬಣ್ಣ, ಜೋಳದ ತೆನೆಯ ಕೂದಲು. ಅವಳ ಮೇಲೆ ಹೊಟ್ಟೆಕಿಚ್ಚಿನ ಮಾಟಗಾತಿ, ಅವಳು ಕಪ್ಪು, ಉದ್ದ ಮೂಗು. ಮಾಟಗಾತಿ ಶಾಪ ಕೊಡುತ್ತಾಳೆ. ರಾಜಕುಮಾರಿಯ ಮೈ ಉಗುರಿನಿಂದ ಹಿಡಿದು ಮಸಿಯ ಹಾಗೆ ಕಪ್ಪಾಗುತ್ತಾ ಬರುತ್ತದೆ. ಸಾಕಿದ ಹಕ್ಕಿ ಅವಳನ್ನು ಕುಕ್ಕುತ್ತದೆ. ನಾಯಿ ಬೊಗಳುತ್ತದೆ. ರಾಜಕುಮಾರ ಅವಳ ಎದುರಿಗೇ ನಿಂತು, ಅವಳೆಲ್ಲಿ ಅಂತ ಅವಳನ್ನೇ ಕೇಳುತ್ತಾನೆ. ಕೊನೆಗೆ ಕೊಳದಲ್ಲಿ ಮುಳುಗಿ ಏಳುತ್ತಾಳೆ, ಕಪ್ಪು ಕರಗಿ ನೀರಿಗೆ ಹೋಗುತ್ತದೆ, ತಿರುಗಿ ಹಾಲಿನ ಬಣ್ಣ! ಎಲ್ಲರೂ ಹಾಡುತ್ತಾರೆ.

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳು ಯಾಕೆ ಹೇಳಲಿ?

ಬಸ್ಸಿನಲ್ಲಿ ನಳಿನಿ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಿದ್ದಳು. ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು, ಅದರ ಹಿಂದೆ ನನ್ನದು. ಎರಡೂ ಒಂದೇ ಮರದ ತುಂಡು.

"ಅಜ್ಜ, ನಂದು ಯಾವಾಗ ಹೋಗ್ತದೆ?"

"ಏನು ಹೋಗುವುದು ಮಗಾ?"

"ಶಾಪ."

ಬಸ್ಸು ಎರಡು ಕಡೆ ನಿಂತು ಹೊರಟಿತು. ಆಮೇಲೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೊರಗೆ ಹಾಕಿದೆ. ಕೃಷ್ಣ ಕಪ್ಪು, ರಾಮ ಕಪ್ಪು, ದ್ರೌಪದಿ ಕಪ್ಪು, ದ್ರೌಪದಿ ಮಹಾರಾಣಿ ಅಲ್ವಾ ಮಗಾ?

"ಕೃಷ್ಣ ಕಪ್ಪಲ್ಲ. ಅಮ್ಮನ ಕ್ಯಾಲೆಂಡರಿನಲ್ಲಿ ನೀಲಿ ಇದ್ದಾನೆ."

"ಅದು... ಬರೆದವರು ಹಾಗೆ ಬರೆದದ್ದು."

"ಯಾಕೆ? ಅವರ ಹತ್ತಿರ ಕಪ್ಪು ಬಣ್ಣ ಇರಲಿಲ್ವಾ?"

ಕ್ಯಾಲೆಂಡರಿನಲ್ಲಿ ಕೃಷ್ಣನ ಕೂದಲು ಕಪ್ಪೇ ಇತ್ತು. ಬಣ್ಣ ಇತ್ತು. ಮುಖಕ್ಕೆ ಹಚ್ಚಲು ಮನಸ್ಸು ಬರಲಿಲ್ಲ, ಅಷ್ಟೆ. ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ರಕ್ಕಸನಿಗೆ ಮಾತ್ರ ಕಪ್ಪು ಧಾರಾಳ.

ಮನೆ ಹತ್ತಿರ ಬರುವಾಗ ಅವಳು ನನ್ನ ಕಿವಿ ಎಳೆದುಕೊಂಡು ಪಿಸುಗುಟ್ಟಿದಳು. "ಅಜ್ಜ, ಒಂದು ಗುಟ್ಟು. ಕರಿಮಣಿ ಅಂದ್ರೆ ಏನು ಅಂತ ಇಲ್ಲಿಯವರು ಕೇಳಿದ್ರು. ನಾನು ರಾಜಕುಮಾರಿ ಅಂತ ಹೇಳಿದ್ದೇನೆ. ನೀನು ಯಾರಿಗೂ ಹೇಳಬೇಡ."

ಆಗ ತಿಳಿಯಿತು, ಬಿಸ್ಕತ್ತಮ್ಮ ಸೊಂಟ ಬಗ್ಗಿಸುತ್ತಿದ್ದದ್ದು ಯಾಕೆ ಅಂತ. ಆ ಬೀದಿಯಲ್ಲಿ ನನ್ನ ಮೊಮ್ಮಗಳು ಒಂದು ಸುಳ್ಳಿನ ಆಧಾರದ ಮೇಲೆ ರಾಜಕುಮಾರಿಯಾಗಿದ್ದಳು.

"ಹೇಳುವುದಿಲ್ಲ ಮಗಾ. ಕಾವೇರಮ್ಮನ ಆಣೆ" ಅಂದೆ.

ಗೊಂಬೆ ಅಂಗಡಿ

ಮತ್ತೊಂದು ಚಿತ್ರದ ಸಿನಿಮಾಕ್ಕೂ ಹೋದೆವು, ಅವಳು ಹಟ ಮಾಡಿದಳು ಅಂತ. ಅದರಲ್ಲಿ ಕತೆ ಬೇರೆ, ಅಚ್ಚು ಅದೇ. ಇಷ್ಟು ವರ್ಷ ಗೊಂಬೆ ಕೈಯಲ್ಲಿ ಹಿಡಿದವನಿಗೆ ಅಚ್ಚು ತಿಳಿಯುವುದಿಲ್ವಾ? ಅದೇ ಚೂಪು ಗಲ್ಲ, ಅದೇ ಮೂಗಿನ ತುದಿ. ಕೂದಲಿನ ಬಣ್ಣ ಮಾತ್ರ ಬದಲು. ನಮ್ಮ ಕುಂಬಾರನೂ ಒಂದೇ ಅಚ್ಚಿನಲ್ಲಿ ಗೌರಿಯನ್ನೂ ಲಕ್ಷ್ಮಿಯನ್ನೂ ತೆಗೆಯುತ್ತಾನೆ ನಿಜ. ಆ ಸಿನಿಮಾದಲ್ಲಿ ಒಬ್ಬಳು ಕಪ್ಪು ಹೆಂಗಸೂ ಇದ್ದಳು, ಅಡುಗೆಯವಳು. ದಪ್ಪ ತುಟಿ, ಗುಡ್ಡೆ ಉರುಳುವ ಕಣ್ಣು. ಅವಳು ಜಾರಿ ಬಿದ್ದಾಗಲೆಲ್ಲ ಇಡೀ ಸಿನಿಮಾ ಮಂದಿರ ನಕ್ಕಿತು. ನಳಿನಿಯೂ ನಕ್ಕಳು, ಎಲ್ಲರಿಗಿಂತ ಗಟ್ಟಿಯಾಗಿ. ನಗುವಾಗ ಅಕ್ಕಪಕ್ಕ ನೋಡುತ್ತಿದ್ದಳು.

ಹೊರಗೆ ಅಂಗಡಿಯಲ್ಲಿ ಸಿನಿಮಾದ ರಾಜಕುಮಾರಿಯರು ಗಾಜಿನ ಹಿಂದೆ ನಿಂತಿದ್ದರು. ಎಷ್ಟು ನಯ, ಎಷ್ಟು ಚಂದದ ರೇಷ್ಮೆ! ಕೆಳಗೆ ಒಂದು ಬುಟ್ಟಿಯಲ್ಲಿ ಬಟ್ಟೆಯ ಕಪ್ಪು ಗೊಂಬೆಗಳು, ಒಂದರ ಮೇಲೊಂದು. ಕುರಿಯ ಉಣ್ಣೆಯ ಹಾಗೆ ಕೂದಲು, ಕಿವಿಯ ತನಕ ಕೆಂಪು ಬಾಯಿ. ಮೇಲಿನವರು ಯಾರೂ ಹಲ್ಲು ತೋರಿಸುವುದಿಲ್ಲ. ಬುಟ್ಟಿಯವರು ಮುಚ್ಚುವುದೇ ಇಲ್ಲ. ನಾನು ಒಂದನ್ನು ಎತ್ತಿಕೊಂಡೆ. ಗೊಂಬೆ ಕಂಡರೆ ಕೈ ತಾನೇ ಹೋಗುತ್ತದೆ.

"ಅಜ್ಜ, ಅದನ್ನು ಬಿಡು," ನಳಿನಿ ನನ್ನ ಕೋಟು ಎಳೆದಳು. "ಯಾರಾದ್ರೂ ನೋಡ್ತಾರೆ. ಬಿಡು ಅಂದೆ."

ಬಿಟ್ಟೆ. ಅವಳು ನನ್ನನ್ನು ಎಳೆದುಕೊಂಡು ಬೀದಿಯ ಕೊನೆಯವರೆಗೆ ಓಡಿದಳು. ವಿಲಾಯಿತಿಯಿಂದ ನಾನು ಒಂದು ಗೊಂಬೆಯನ್ನೂ ತರಲಿಲ್ಲ. ಊರಿನಲ್ಲಿ ಯಾರೂ ನಂಬುವುದಿಲ್ಲ.

ತೊಟ್ಟಿಲು

ಮೊಮ್ಮಗ ಹುಟ್ಟಿದ! ಆಸ್ಪತ್ರೆಯಲ್ಲಿ ನಮ್ಮನ್ನು ಒಳಗೆ ಬಿಡಲಿಲ್ಲ, ಗಾಜಿನ ಆಚೆಯಿಂದ ತೋರಿಸಿದರು. ಅಲ್ಲಿಯ ಪದ್ಧತಿ ಹಾಗಂತೆ. ನಾನು ಗಾಜಿಗೆ ಮುತ್ತು ಕೊಟ್ಟೆ. ನರ್ಸು ಬಂದು ಒರೆಸಿದಳು. ಒರೆಸಲಿ, ಇನ್ನೊಂದು ಕೊಟ್ಟೆ.

ಮನೆಗೆ ತಂದ ದಿನ ಬಿಸ್ಕತ್ತಮ್ಮ ಸೂಸಿಯ ಕೈಹಿಡಿದು ನೋಡಲು ಬಂದಳು. ಚಿನ್ನಮ್ಮ ಮಗುವಿನ ಮುಸುಕು ತೆಗೆದು ಬೆಳಕಿಗೆ ಹಿಡಿದಳು.

"ನೋಡಿ, ಹಾಲು! ಹಾಲಿನ ಬಣ್ಣ! ತಾಯಿಯ ಹಾಗೆ. ಸದ್ಯ, ಈ ಸಲ ನಮ್ಮ ಪುಣ್ಯ."

ಬಿಸ್ಕತ್ತಮ್ಮ ಕೆನ್ನೆಗೆ ಕೈಯಿಟ್ಟು ಏನೋ ಅಂದಳು. ಎಂಥ ಹೇಳಿದಳು ಅಂತ ಸೀತೆಯನ್ನು ಕೇಳಿದೆ.

ಸೀತೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು, "ಇವನು ಎಷ್ಟು ಬೆಳ್ಳಗೆ, ಅದೃಷ್ಟವಂತ, ಅಂತ."

ಇಬ್ಬರು ಮುದುಕಿಯರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಆ ಗಳಿಗೆಯಲ್ಲಿ ಇಬ್ಬರೂ ಕೈಕೈ ಹಿಡಿದು ತಲೆಯಾಡಿಸಿದರು. ತೊಟ್ಟಿಲ ಕಾಲಿನ ಹತ್ತಿರ ನಳಿನಿ ನಿಂತಿದ್ದಳು. ಅವಳಿಗೆ ಎರಡೂ ಭಾಷೆ ಬರುತ್ತಿತ್ತು.

ಆಮೇಲೆ ಚಿನ್ನಮ್ಮ ಭರಣಿ ತೆಗೆದು ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟಳು. ಬಿಸ್ಕತ್ತಮ್ಮ ಗಾಬರಿಯಾದಳು. ಅಯ್ಯೋ, ಇಷ್ಟು ಶುಭ್ರ ಮಗುವಿಗೆ ಯಾಕೆ ಮಸಿ? ಸೀತೆ ಕಣ್ಣು ಮುಚ್ಚಿ ಮಲಗಿದ್ದಳು, ಅಳಿಯಂದಿರು ಆಸ್ಪತ್ರೆಯಲ್ಲಿ. ಹೇಳುವವರು ಯಾರು? ನಾನು! ನನ್ನ ಹತ್ತಿರ ಎಸ್ಟೇಟಿನ ಇಂಗ್ಲಿಷು ಇತ್ತು, ಎದೆಯಲ್ಲಿ ಸಂತೋಷ ಉಕ್ಕುತ್ತಿತ್ತು, ಕಪ್ಪಿನ ಪರವಾಗಿ ಒಂದು ಮಾತು ಹೇಳಬೇಕು ಅಂತ ಬಸ್ಸಿನ ದಿನದಿಂದ ಗಂಟಲಲ್ಲಿ ಕೂತಿತ್ತು.

"ಬ್ಲ್ಯಾಕ್ ಗುಡ್!" ಅಂದೆ. "ಬ್ಲ್ಯಾಕ್ ವೆರಿ ಗುಡ್!" ಕಣ್ಣು ತೋರಿಸಿ, ಕೈಯಾಡಿಸಿ, ದೃಷ್ಟಿ ತಾಗುವುದಿಲ್ಲ ಅಂತ ತಿಳಿಸಿದೆ. ಅವಳಿಗೆ ತಿಳಿಯಲಿಲ್ಲ. ಆಗ ಚಿನ್ನಮ್ಮನ ಕೊರಳಿನ ಸರವನ್ನು ಬೆರಳಿಗೆ ಸಿಕ್ಕಿಸಿ ಎತ್ತಿ, ಒಂದೊಂದೇ ಮಣಿ ತೋರಿಸಿ ಹೇಳಿದೆ. "ಬ್ಲ್ಯಾಕ್! ಗುಡ್! ಕರಿಮಣಿ! ದಿಸ್ ಕರಿಮಣಿ!"

ಬಿಸ್ಕತ್ತಮ್ಮ ಮಣಿಯನ್ನು ನೋಡಿದಳು. ನಳಿನಿಯನ್ನು ನೋಡಿದಳು. ಆ ಜನರ ರೀತಿ ನಿಮಗೆ ಹೇಳಿದ್ದೆನಲ್ಲ. ಕಂಡದ್ದನ್ನು ಕಾಣದ ಹಾಗೆ ಸುಮ್ಮನೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದಳು. ಆದರೆ ಮಕ್ಕಳಿಗೆ ಆ ರೀತಿ ಇನ್ನೂ ಬಂದಿರುವುದಿಲ್ಲ. ಸೂಸಿ ನಳಿನಿಯ ಕಡೆ ತಿರುಗಿ ಏನೋ ಕೇಳಿದಳು, ಸಣ್ಣ ಮಾತು. ನಳಿನಿ ನನ್ನನ್ನು ನೋಡುತ್ತಿದ್ದಳು. ಕೈಯಲ್ಲಿ ಇನ್ನೂ ಚಿನ್ನಮ್ಮನ ಸರ ಹಿಡಿದು ನಿಂತಿದ್ದೆ ನಾನು.

ಮಾರನೆಯ ದಿನದಿಂದ ಬೀದಿಯಲ್ಲಿ ಕ್ಯಾರಿಮಾನಿ ಅನ್ನುವ ದನಿ ಬೇರೆಯಾಯಿತು. ಅಕ್ಷರ ಅದೇ, ಕೊನೆಯಲ್ಲಿ ನಗು. ಮಕ್ಕಳ ಆಟ ಕಿಟಕಿಯಿಂದ ಕಾಣುತ್ತಿತ್ತು. ಮೊದಲು ಗೋಡೆಯ ಮೇಲ್ಗಡೆ ಕಾಗದದ ಕಿರೀಟ ಇಟ್ಟುಕೊಂಡು ಕೂರುತ್ತಿದ್ದವಳು ನಳಿನಿ. ಈಗ ಅಲ್ಲಿ ಸೂಸಿ ಕೂತಿದ್ದಳು. ನಳಿನಿ ಕೆಳಗೆ ಪೊರಕೆ ಹಿಡಿದು ಮಾಟಗಾತಿಯಾಗಿ ಓಡುತ್ತಿದ್ದಳು. ಚೆನ್ನಾಗಿಯೇ ಓಡುತ್ತಿದ್ದಳು. ಅದನ್ನೇ ನೋಡಲಾಗಲಿಲ್ಲ ನನಗೆ.

ಒಳಗೆ ಬಂದಾಗ ಹತ್ತಿರ ಕರೆದೆ. "ಮಗಾ, ನಾನು ಬೇಕಂತ ಹೇಳಿದ್ದಲ್ಲ. ಸಂತೋಷದಲ್ಲಿ ಬಾಯಿ ತಪ್ಪಿತು."

ಅವಳು ನನ್ನ ಕೈಯನ್ನು ತೆಗೆದುಕೊಂಡು ತನ್ನ ಕೈಯ ಪಕ್ಕದಲ್ಲಿ ಇಟ್ಟು ನೋಡಿದಳು. ಆಮೇಲೆ ಕೇಳಿದಳು.

"ಅಜ್ಜ, ಶಾಪ ಕೊಟ್ಟದ್ದು ನೀನಾ?"

ಹೊರಟ ದಿನ

ಬಾಣಂತನ ಮುಗಿಯಿತು. ಮೊಮ್ಮಗನಿಗೆ ಅಜ್ಜನ ಮೀಸೆ ಗುರುತು ಸಿಗುವ ಹೊತ್ತಿಗೆ ಹೊರಡುವ ದಿನ ಬಂತು. ಬಿಸ್ಕತ್ತಮ್ಮ ಬಾಗಿಲಿಗೆ ಬಂದು ಚಿನ್ನಮ್ಮನನ್ನು ತಬ್ಬಿ ಅತ್ತಳು. ಕೆಟ್ಟವಳಲ್ಲ ಅವಳು. ಇದರಲ್ಲಿ ಕೆಟ್ಟವರನ್ನು ಹುಡುಕಿದರೆ ಸಿಗುವುದಿಲ್ಲ. ಅದೇ ಕಷ್ಟ.

ನಳಿನಿ ಪರದೆಯ ಹಿಂದಿನಿಂದ ರಾಣಿಯನ್ನು ತಂದಳು, ಅದೇ ಪಂಚೆಯ ತುಂಡಿನಲ್ಲಿ ಸುತ್ತಿ. "ಇವಳನ್ನು ಕರಿಕೆಗೆ ಕರ್ಕೊಂಡು ಹೋಗು ಅಜ್ಜ. ಅಲ್ಲಿ ಇವಳ ಗಂಡ ಇದ್ದಾನೆ ಅಂತ ಅಜ್ಜಿ ಹೇಳಿದ್ರು."

ಬಿಚ್ಚಿದೆ. ರಾಣಿಯ ಮುಖ ಬಿಳಿ. ಶಾಲೆಯ ಬಣ್ಣದ ಡಬ್ಬಿಯಿಂದ ತೆಗೆದು ಹಚ್ಚಿದ್ದಳು. ಒಂದು ಪದರ ಅಲ್ಲ, ಒಣಗಿಸಿ ಒಣಗಿಸಿ ಹಲವು ಪದರ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಕೂಡ ಬಿಟ್ಟಿರಲಿಲ್ಲ. ತುಟಿಗೆ ಸಣ್ಣ ಕೆಂಪು. ಅಷ್ಟು ಚೊಕ್ಕ ಕೆಲಸ, ಆಚಾರಿಯೇ ಮೆಚ್ಚಬೇಕು. ಎಷ್ಟು ದಿನ ಕೂತಿದ್ದಳೋ.

"ಇವಳದ್ದು ಹೋಯ್ತು ಅಜ್ಜ" ಅಂದಳು. ಮುಖದಲ್ಲಿ ಸಂತೋಷ ಇತ್ತು. ನಾನು ಬಂದ ಮೇಲೆ ಮೊದಲನೇ ಸಲ ಕಂಡ ಸಂತೋಷ. "ಮುಂದಿನ ರಜೆಗೆ ನಾವು ಬರ್ತೇವೆ. ಅಲ್ಲಿಯವರೆಗೆ ಅವಳಿಗೆ ನೀರು ತಾಗಿಸಬೇಡ."

"ತಾಗಿಸುವುದಿಲ್ಲ" ಅಂದೆ. ಆಣೆ ಹಾಕಲಿಲ್ಲ. ಮೊದಲಿನ ಆಣೆ ಏನಾಯಿತು ಅಂತ ಇಬ್ಬರಿಗೂ ಗೊತ್ತಿತ್ತು.

ಬೀದಿಯ ತಿರುವಿನಲ್ಲಿ ನಾನು ತಿರುಗಿ ಕೈಬೀಸಿದೆ. ಕರೆಯಬೇಕು ಅಂತ ಬಾಯಿ ತೆಗೆದೆ. ನಳಿನಿ ಅನ್ನುವ ಹೆಸರು ನನ್ನ ನಾಲಿಗೆಗೆ ಅಭ್ಯಾಸ ಇಲ್ಲ. ಇನ್ನೊಮ್ಮೆ ಕೈಬೀಸಿದೆ.

ತಿರುಗಿ ಕರಿಕೆ

ಬಂದ ಕೂಡಲೇ ಮನೆ ತುಂಬ ಜನ. ಪಕ್ಕದ ಮನೆಯ ಅತ್ತಿಗೆ ಕಾಲು ತೊಳೆಯಲೂ ಬಿಡದೆ ಕೇಳಿದಳು. "ಮೊಮ್ಮಗ ಹೇಂಗುಟ್ಟು? ಬಣ್ಣ?" ಚಿನ್ನಮ್ಮ ಹಾಲು ಅಂದಳು. ಎಲ್ಲರೂ ಹಿಗ್ಗಿದರು. "ದೊಡ್ಡದು, ನಳಿನಿ? ಅಲ್ಲಿಯ ಚಳಿಗೆ ಸ್ವಲ್ಪ ಬಿಳಿಯಾಗಿದೆಯಾ?" ಅಂತ ಇನ್ನೊಬ್ಬರು. ಪ್ರೀತಿಯಿಂದಲೇ ಕೇಳಿದ್ದು.

ಗೊಂಬೆಗಳ ಗೂಡಿನಲ್ಲಿ ರಾಜನ ಪಕ್ಕ ರಾಣಿಯನ್ನು ನಿಲ್ಲಿಸಿದ್ದೆ. ಹೊರಡುವ ಮೊದಲು ಎಷ್ಟೋ ವರ್ಷ ಅದೇ ಜಾಗದಲ್ಲಿ ಅವಳು ನಿಂತಿದ್ದಳು. ಆಗ ಇದೇ ಜನ ಬಂದು ಅರಗಿನ ಗೊಂಬೆ ನೋಡಿ, ಮಂಗನನ್ನು ನೋಡಿ ಹೋಗುತ್ತಿದ್ದರು. ಅವಳ ಮುಂದೆ ನಿಂತವರು ಒಬ್ಬರೂ ನನಗೆ ನೆನಪಿಲ್ಲ.

"ಓ! ಇದು ವಿಲಾಯಿತಿಯಿಂದ ತಂದದ್ದಾ ಗೌಡರೇ? ಎಂಥಾ ಚಂದ! ಮುಖ ನೋಡಿ ಮುಖ!" ಅತ್ತಿಗೆ ಕೈಯಲ್ಲಿ ಎತ್ತಿಕೊಂಡಳು. ಕೈಯಿಂದ ಕೈಗೆ ಹೋಯಿತು. "ನಿಮ್ಮ ಹುಚ್ಚಿಗೆ ಈಗ ಒಂದು ಅರ್ಥ ಬಂತು" ಅಂದರು. ನಾನು ಕಾಫಿ ಕೊಡಿ ಅಂತ ಒಳಗೆ ಕೂಗಿದೆ.

ನೀರು ತಾಗಿಸಿಲ್ಲ. ಮಾತು ಉಳಿಸಿಕೊಂಡಿದ್ದೇನೆ. ಆದರೆ ಕರಿಕೆಯ ಮಳೆಗಾಲಕ್ಕೆ ನೀರು ಬೇಕಾಗಿಲ್ಲ, ಗಾಳಿಯೇ ಒದ್ದೆ. ಉಪ್ಪು ಕರಗುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ. ಮೊದಲು ರಾಣಿಯ ಮೂಗಿನ ತುದಿಯಲ್ಲಿ ಒಂದು ಬಿರುಕು ಬಂತು. ಆಮೇಲೆ ಚೂರು ಉದುರಿತು. ಅಡಿಯಲ್ಲಿ ಕಪ್ಪು, ಹೊಳೆಯುವ ಕಪ್ಪು. ಬೀಟೆಯ ಎಣ್ಣೆ ಒಳಗಿನಿಂದ ತಳ್ಳುತ್ತಿದೆ, ಆಚಾರಿ ಹೇಳಿದ ಹಾಗೇ. ಬೆಳಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡುತ್ತೇನೆ. ಒಂದು ದಿನ ಎಡಗೆನ್ನೆ. ಇನ್ನೊಂದು ದಿನ ಹುಬ್ಬು. ಅವಳ ಹಳೆಯ ಮುಖ ಹೊರಗೆ ಬರುವುದನ್ನು ಕಂಡು ನನಗೆ ಸಂತೋಷ ಆಗುತ್ತದೆ. ಉದುರಿದ ಬಿಳಿ ಚೂರುಗಳನ್ನು ಬಿಸಾಡಲು ಕೈ ಬರುವುದಿಲ್ಲ, ನಳಿನಿಯ ಬೆರಳು ಮುಟ್ಟಿದ್ದಲ್ವಾ. ಒಂದು ಭರಣಿಯಲ್ಲಿ ಹಾಕಿಡುತ್ತೇನೆ.

ರಜೆಯ ಹೊತ್ತಿಗೆ ರಾಣಿ ಪೂರ್ತಿ ಮೊದಲಿನ ಹಾಗೆ ಆಗಿರುತ್ತಾಳೆ. ನಳಿನಿ ಮೆಟ್ಟಿಲು ಹತ್ತಿ ಸೀದಾ ಆ ಗೂಡಿನ ಹತ್ತಿರವೇ ಹೋಗುತ್ತಾಳೆ, ನನಗೆ ಗೊತ್ತುಂಟು.

ಬಣ್ಣ ನಿಲ್ಲಲಿಲ್ಲ ಮಗಾ, ಅವಳ ಮರ ಗಟ್ಟಿ, ಅಂತ ಹೇಳಬೇಕು ಅಂತ ದಿನಾ ಬಾಯಿಪಾಠ ಮಾಡುತ್ತಿದ್ದೇನೆ. ಅವಳು ನನ್ನ ಮುಖ ನೋಡಿ, "ಅಯ್ಯೋ ಅಜ್ಜ, ತಿರುಗಿ ಬಂತಾ?" ಅಂತ ಕೇಳಿಬಿಟ್ಟರೆ ಏನು ಹೇಳುವುದು ಅಂತ ಮಾತ್ರ ಇನ್ನೂ ಹೊಳೆದಿಲ್ಲ.